ಶನಿವಾರದ ಹದಿನೈದು ನಿಮಿಷ

ನಾಗಪುರದಲ್ಲಿ ಇಷ್ಟು ವರ್ಷ ಖೋ-ಖೋ ಕಲಿಸಿ ನಾನು ಮರಾಠಿ ಹುಡುಗಿಯರಿಗೆ ದಾಟಿಸಿದ ಕನ್ನಡ ಪದಗಳು ಒಟ್ಟು ಆರು. ಆರೂ ಬೈಗುಳ. ಮೈಗಳ್ಳಿ, ದಂಡಪಿಂಡ, ಹೇಡಿ, ಕತ್ತೆ, ಬುದ್ಧಿಗೇಡಿ. ಆರನೆಯದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ. ನಾನೇನು ಕೂಡಿಸಿಕೊಂಡು ಪಾಠ ಮಾಡಿರಲಿಲ್ಲ. ಅವರೇ ಕೇಳಿ ಕೇಳಿ ಕಲಿತಿದ್ದರು, ಉಚ್ಚಾರವೂ ಚೊಕ್ಕ. ಆರೂ ಮಾತನ್ನು ನಾನು ಅಂದದ್ದು ಒಬ್ಬಳೇ ಹುಡುಗಿಗೆ. ತಂಡದಲ್ಲಿದ್ದ ಒಬ್ಬಳೇ ಕನ್ನಡದ ಹುಡುಗಿಗೆ.

ಇದನ್ನೆಲ್ಲ ಬರೆಯುವ ಉದ್ದೇಶ ನನಗಿರಲಿಲ್ಲ. ಹೋದ ತಿಂಗಳು ವರ್ಧಾ ರಸ್ತೆಯ ಹೋಟೆಲೊಂದರಲ್ಲಿ ನಮ್ಮಂಥ ಕ್ರೀಡಾ ಶಿಕ್ಷಕರಿಗೆ ಒಂದು ದಿನದ ಶಿಬಿರ ಇಟ್ಟಿದ್ದರು. ಆಟಗಾರರ ಜೊತೆ ಅರ್ಥಪೂರ್ಣವಾಗಿ ಮಾತಾಡಿ ಅವರನ್ನು ಬೆಳೆಸುವುದು ಹೇಗೆ ಎಂಬುದು ವಿಷಯ. ಹೇಳಲು ಬಂದ ಸಾಹೇಬರ ಬೂಟು ಹಾಲಿನಷ್ಟು ಬೆಳ್ಳಗಿತ್ತು, ಮೈದಾನದ ಮಣ್ಣು ಒಂದು ಸಲವೂ ತಾಗಿದಂತಿರಲಿಲ್ಲ. ಪರದೆಯ ಮೇಲೆ ಹತ್ತು ಪ್ರಶ್ನೆ ತೋರಿಸಿದರು. ಇವತ್ತು ನಿನಗೆ ಹೇಗನಿಸಿತು? ನಾನು ನಿನಗೆ ಏನು ಸಹಾಯ ಮಾಡಲಿ? ಇವನ್ನು ಕೇಳಿದರೆ ಆಟಗಾರರು ತಾವಾಗಿ ಅರಳುತ್ತಾರಂತೆ. ನಮ್ಮವರೆಲ್ಲ ಟಪಟಪ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಹಿಂದಿಯಲ್ಲಿ ಕೇಳಿದೆ: "ಸರ್, ನಾವು ಪ್ರಶ್ನೆ ಕೇಳುವ ಮೊದಲೇ ಮಗು ಉತ್ತರ ಹೇಳಿಬಿಟ್ಟಿದ್ದರೆ? ನಮ್ಮ ಕಿವಿಯೇ ಸತ್ತಿದ್ದರೆ? ಅದಕ್ಕೊಂದು ಸ್ಲೈಡ್ ಐತೇನು ನಿಮ್ಮ ಹತ್ತಿರ?" ಅವರು ನಕ್ಕು, "ಅಚ್ಛಾ ಪಾಯಿಂಟ್ ಹೈ ಮ್ಯಾಡಮ್, ಚಾಯ್ ಕೇ ಬಾದ್" ಅಂದರು. ಚಹಾ ಬಂತು, ಸಮೋಸಾ ಬಂತು, ಆ ಮಾತು ಮಾತ್ರ ಬರಲಿಲ್ಲ. ಚೀಲ ಎತ್ತಿಕೊಂಡು ಹೊರಟುಬಂದೆ.

ಸಾಹೇಬರ ಮೇಲೆ ಅಷ್ಟು ಸಿಟ್ಟು ಯಾಕೆ ಬಂತು ಅಂತ ಆಟೋದಲ್ಲಿ ಕೂತು ಯೋಚಿಸಿದೆ. ಅವರ ತಪ್ಪೇನೂ ಇರಲಿಲ್ಲ. ಸಿಟ್ಟು ಎರಡು ವರ್ಷದಷ್ಟು ಹಳೆಯದು, ಅದರ ವಾರಸುದಾರಳು ನಾನೇ.

ನಾನು ಹುಟ್ಟಿ ಬೆಳೆದದ್ದು ಗಾಂಧಿಬಾಗಿನಲ್ಲಿ. ಅಪ್ಪ ಗದಗದ ಕಡೆಯವನು, ಸೀರೆಯ ಸಗಟು ಅಂಗಡಿ ಇಟ್ಟಿದ್ದ. ಶಾಲೆ ಬಿಟ್ಟ ಮೇಲೆ ನಾನೂ ಅಂಗಡಿಯಲ್ಲಿ ಸೀರೆ ಮಡಚಬೇಕಿತ್ತು. ಗಿರಾಕಿ ಎದುರಿಗೆ ಕೂತಿದ್ದಾಗ ಅಪ್ಪನ ಮರಾಠಿ ಬೆಣ್ಣೆ. ಮುಖದ ನಗುವನ್ನು ಒಂದಿಷ್ಟೂ ಕದಲಿಸದೆ ನನ್ನ ಕಡೆ ತಿರುಗಿ, "ಏ ಕತ್ತೆ, ಒಂದು ಸೀರಿ ನೆಟ್ಟಗ ಮಡಚಾಕ ಬರಂಗಿಲ್ಲೇನ ನಿನಗ? ಕೂಳಿಗೆ ದಂಡ!" ಅನ್ನುತ್ತಿದ್ದ. ಅದೇ ನಗುವಿನಲ್ಲಿ ತಿರುಗಿ ಮತ್ತೆ ಗಿರಾಕಿಗೆ ಮರಾಠಿ. ಇದು ಇಲ್ಲಿನ ಕನ್ನಡ ಮನೆಗಳ ಪದ್ಧತಿ. ಮಂದಿಯ ಮುಂದೆ ಮರಾಠಿ, ಬೈಯಲಿಕ್ಕೆ ಕನ್ನಡ. ಕನ್ನಡದಲ್ಲಿ ಬೈದರೆ ಬಾಗಿಲು ಹಾಕಿಕೊಂಡು ಬೈದ ಹಾಗೆ, ಹೊರಗಿನವರಿಗೆ ತಿಳಿಯುವುದೇ ಇಲ್ಲ ಅಂತ ನಮ್ಮ ಹಿರಿಯರ ನಂಬಿಕೆ. ತಿಳಿಯುವುದಿಲ್ಲವಂತೆ! ಎಂಟು ವರ್ಷದ ಹುಡುಗಿಯ ಮುಖ ಕೆಂಪಾಗಿ ಕಣ್ಣು ನೆಲಕ್ಕಿಳಿದರೆ ಅದನ್ನು ಓದಲು ಯಾವ ಭಾಷೆ ಬೇಕು? ಗಿರಾಕಿಯ ಹೆಂಡತಿ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ.

ಅಂಗಡಿಯಿಂದ ತಪ್ಪಿಸಿಕೊಳ್ಳಲು ನಾನು ಖೋ-ಖೋ ಸೇರಿದೆ. ಅಲ್ಲಿ ಇನ್ನೊಂದು ಅವತಾರ. ನಮ್ಮ ಗುರುಗಳ ಬಾಯಲ್ಲಿ ಸೀಟಿ, ಕೈಯಲ್ಲಿ ಬೆತ್ತ. ಅವರು ವರ್ಷವಿಡೀ ಆಡುತ್ತಿದ್ದದ್ದು ಒಂದೇ ಮಾತು: "ಬಾತ್ ನಹೀ, ಭಾಗೋ." ಮಾತು ಬೇಡ, ಓಡು ಅಂತ. ಜ್ವರ ಬಂದಿದೆ ಅಂದರೂ ಭಾಗೋ. ಹೊಟ್ಟೆ ನೋವು ಅಂದರೂ ಭಾಗೋ. ಹುಡುಗಿಯರಿಗೆ ತಿಂಗಳಲ್ಲಿ ಮೂರು ದಿನ ಹೇಗಿರುತ್ತದೆ ಅಂತ ಆ ಮಹಾನುಭಾವರಿಗೆ ಸಾಯುವತನಕ ತಿಳಿದಿರಲಿಕ್ಕಿಲ್ಲ. ನಾನು ಕಲಿಸುವವಳಾದರೆ ಹುಡುಗಿಯರ ಜೊತೆ ಬಾಯಿ ಬಿಟ್ಟು ಮಾತಾಡುತ್ತೇನೆ ಅಂತ ಆಗಲೇ ಶಪಥ ಮಾಡಿದ್ದೆ.

ಮಾತಾಡಿದೆನಲ್ಲ! ಮನೀಶ್ ನಗರದ ಹತ್ತಿರದ ಶಾಲೆಗೆ ಸೇರಿದ ವರ್ಷದಿಂದಲೇ ಶನಿವಾರದ ಮಾತು ಶುರು ಮಾಡಿದೆ. ಅಭ್ಯಾಸ ಮುಗಿದ ಮೇಲೆ ಹದಿನೈದು ನಿಮಿಷ. ಹುಡುಗಿಯರು ಆಟದ ಸಾಲಿನಲ್ಲಿ ಕೂತಿರುತ್ತಿದ್ದರು. ಖೋ-ಖೋ ಸಾಲು ನಿಮಗೆ ಗೊತ್ತಲ್ಲ, ಒಬ್ಬಳ ಮುಖ ಆ ಕಡೆ, ಪಕ್ಕದವಳದು ಈ ಕಡೆ. ಹಾಗಾಗಿ ಅರ್ಧ ಹುಡುಗಿಯರ ಬೆನ್ನು ನನ್ನ ಕಡೆ. ಆ ಬೆನ್ನುಗಳಿಗೆ ನಾನು ಶಿಸ್ತು, ಆಹಾರ, ಧೈರ್ಯ, ಒಗ್ಗಟ್ಟು ಎಲ್ಲದರ ಮೇಲೆ ಭಾಷಣ ಬಿಗಿಯುತ್ತಿದ್ದೆ. ತಿರುಗಿ ಕೂತುಕೊಳ್ಳಿ ಅನ್ನಬೇಕು ಅಂತಲೂ ಹೊಳೆಯಲಿಲ್ಲ. ಕೊನೆಗೆ "ಸಮಜಲಂ ಕಾ?" ಅನ್ನುತ್ತಿದ್ದೆ, ತಿಳೀತಾ ಅಂತ. "ಹೋ ಮ್ಯಾಡಮ್" ಅಂತ ಒಟ್ಟಿಗೆ ಕೂಗುತ್ತಿದ್ದರು. ಅದನ್ನೇ ಸಂವಾದ ಅಂದುಕೊಂಡಿದ್ದೆ. ಬೇರೆ ಶಾಲೆಯ ಮಾಸ್ತರರ ಮುಂದೆ, "ನಾನು ಹುಡುಗಿಯರ ಜೊತೆ ಮಾತಾಡತೀನಿ, ನಿಮ್ಮಂಗ ಬರೇ ಸೀಟಿ ಊದಂಗಿಲ್ಲ" ಅಂತ ಜಂಭ ಬೇರೆ.

ಆ ಹುಡುಗಿ ಬಂದದ್ದು ಎಂಟನೆಯ ತರಗತಿಗೆ. ಅಪ್ಪ ವಾಯುಪಡೆಯಲ್ಲಿ, ತುಮಕೂರಿನ ಕಡೆಯವರು. ಅದಕ್ಕೆ ಮೊದಲು ಅವಳು ನಾಲ್ಕು ಊರಿನ ನಾಲ್ಕು ಶಾಲೆ ನೋಡಿದ್ದಳು. ಯಾವ ತಂಡದಲ್ಲೂ ಎರಡು ವರ್ಷ ಉಳಿದವಳಲ್ಲ. ಉದ್ದ ಕಾಲು, ಸಣ್ಣ ಮುಖ, ಮಾತು ಕಡಿಮೆ. ಮೊದಲ ದಿನ ಓಡಿಸಿ ನೋಡಿದೆ. ಕಂಬದ ಹತ್ತಿರ ಬಂದಾಗ ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನು ಪೂರ್ತಿ ಗಾಳಿಗೆ ಚಾಚಿ, ಓಡುವವಳ ಬೆನ್ನು ಮುಟ್ಟಿ ನೆಲಕ್ಕೆ ಬಿದ್ದು, ಬಿದ್ದ ಕಡೆಯಿಂದಲೇ ನಗುತ್ತಾ ಎದ್ದಳು. ನನ್ನ ಮೈ ಜುಮ್ಮೆಂದಿತು. ಹೆಸರು ಬರೆಸುವಾಗ ಅವರಪ್ಪನ ಬಾಯಲ್ಲಿ ಕನ್ನಡ ಕೇಳಿ ಇನ್ನೂ ಹಿಗ್ಗಿದೆ. ನಮ್ಮ ಹುಡುಗಿ!

ಅವಳು ನಮ್ಮವಳಾದದ್ದೇ ಅವಳ ಪಾಲಿನ ಗ್ರಹಚಾರ. ಮಂದಿಯ ಮುಂದೆ ನಮ್ಮವರನ್ನು ಹೊಗಳಿದರೆ ಪಕ್ಷಪಾತ ಅನ್ನುತ್ತಾರೆ ಅಂತ ನಾನು ಮೊದಲ ವಾರವೇ ನಿರ್ಧಾರ ಮಾಡಿದ್ದೆ. ಬೇರೆ ಹುಡುಗಿ ಸಾಧಾರಣವಾಗಿ ಓಡಿದರೂ "ಶಾಬ್ಬಾಸ್ ಬಾಳಾ, ಛಾನ್!" ಇವಳು ಚಿಗರೆಯ ಹಾಗೆ ಓಡಿದರೆ ಮುಖ ಆ ಕಡೆ. ಒಂದು ಹೆಜ್ಜೆ ತಪ್ಪಿದರೆ ಮಾತ್ರ ಅಪ್ಪನ ಅಂಗಡಿ ತೆರೆಯಿತು ಅನ್ನಿ. "ಏ ಮೈಗಳ್ಳಿ, ಕಾಲಿಗೇನು ಕಲ್ಲು ಕಟ್ಟಿಕೊಂಡೀ?" ಸುತ್ತ ಹನ್ನೊಂದು ಮರಾಠಿ ಹುಡುಗಿಯರು ನಿಂತಿದ್ದರೂ ನನಗೆ ಅಳುಕಿಲ್ಲ. ಕನ್ನಡದಲ್ಲಿ ತಾನೇ ಬೈದದ್ದು, ಇದು ನಮ್ಮ ನಮ್ಮೊಳಗೆ. ಅಷ್ಟೇ ಅಲ್ಲ, ಇದು ಅವಳಿಗೆ ನಾನು ಕೊಡುತ್ತಿದ್ದ ವಿಶೇಷ ಪ್ರೀತಿ ಅಂತಲೂ ನಂಬಿದ್ದೆ. ಊರು ಬಿಟ್ಟು ಬಂದ ಮಗುವಿಗೆ ತಾಯಿನುಡಿ ಕೇಳಿಸುತ್ತಿದ್ದೇನಲ್ಲ! ಥೂ ನನ್ನ ಬುದ್ಧಿಗೆ.

ಅವರಪ್ಪನೂ ಸಾಮಾನ್ಯನಲ್ಲ. ಮೈದಾನದ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ, ಮಗಳ ಎದುರಿಗೇ, "ಚೆನ್ನಾಗಿ ಬೈರಿ ಮೇಡಂ, ಬಿಡಬೇಡಿ. ನಿಮ್ಮ ಮಗಳು ಅಂತಲೇ ತಿಳ್ಕೊಳಿ. ಬೈದ್ರೇನೇ ಬುದ್ಧಿ ಬರೋದು ಇವಳಿಗೆ" ಅನ್ನುತ್ತಿದ್ದರು. ನಾನು, "ನೀವು ಬಿಡ್ರಿ, ನಾ ನೋಡ್ಕೋತೀನಿ" ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಹುಡುಗಿ ನಡುವೆ ನಿಂತು ಬೂಟಿನ ಲೇಸ್ ನೋಡುತ್ತಿದ್ದಳು.

ಅವಳು ಹತ್ತನೆಯ ತರಗತಿಗೆ ಬಂದ ವರ್ಷ ಅವರಪ್ಪನಿಗೆ ಬೇಸಿಗೆಯಲ್ಲಿ ವರ್ಗಾವಣೆ ಖಚಿತ ಅಂತ ಸುದ್ದಿ ಬಂತು. ಚಳಿಗಾಲದಲ್ಲಿ ಕಾಮಠಿಯಲ್ಲಿ ವಿಭಾಗದ ತಂಡಕ್ಕೆ ಆಯ್ಕೆ ಇತ್ತು. ಇಲ್ಲಿಂದ ಅವಳಿಗಿದ್ದದ್ದು ಅದೊಂದೇ ಅವಕಾಶ. ಆಯ್ಕೆಯಾದರೆ ರಾಜ್ಯಮಟ್ಟದಲ್ಲಿ ಆಡಬಹುದು, ಎಲ್ಲೇ ಹೋದರೂ ಹೊಸ ಶಾಲೆಯವರು ಕರೆದು ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಮತ್ತೆ ಹೊಸ ಊರು, ಮತ್ತೆ ಬೆಂಚಿನ ಕೊನೆ. ಅವಳು ಬಾಯಿಬಿಟ್ಟು ಒಂದೇ ಒಂದು ಸಲ ನನ್ನ ಹತ್ತಿರ ಆಸೆ ಹೇಳಿಕೊಂಡಿದ್ದಳು: "ಒಂದ್ಸಲ ಆದ್ರೂ ಬೆನ್ನ ಮೇಲೆ ನಂಬರ್ ಇರೋ ಜರ್ಸಿ ಹಾಕ್ಕೋಬೇಕು ಮೇಡಂ." ನಾನು, "ಮೊದಲು ನೆಟ್ಟಗ ಓಡೋದು ಕಲಿ" ಅಂದಿದ್ದೆ.

ದೀಪಾವಳಿ ರಜೆ ಮುಗಿದ ಮೇಲೆ ಅವಳ ಓಟ ಕೆಟ್ಟಿತು. ಕಂಬ ಹತ್ತಿರ ಬಂದಾಗ ವೇಗ ತಗ್ಗಿಸುತ್ತಿದ್ದಳು. ಜಿಗಿತ ಬಿಟ್ಟೇಬಿಟ್ಟಳು. ನಾನು ಇದ್ದಬದ್ದ ಪದವನ್ನೆಲ್ಲ ಅವಳ ಮೇಲೆ ಸುರಿದೆ. ಹೇಡಿ ಅಂದೆ. ದಂಡಪಿಂಡ ಅಂದೆ. ಆಗ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಉಳಿದ ಹುಡುಗಿಯರು ಇವಳ ಬೆನ್ನು ತಟ್ಟಿ ಖೋ ಕೊಡುವುದನ್ನೇ ನಿಲ್ಲಿಸಿದ್ದರು. ಓಡುವವಳು ಇವಳ ಮುಂದೆಯೇ ಹಾದುಹೋದರೂ ಇವಳನ್ನು ದಾಟಿ ಪಕ್ಕದವಳಿಗೆ ಖೋ. ಇವಳು ಕೂತಲ್ಲೇ ಕೂತಿರುತ್ತಿದ್ದಳು. ಒಂದು ದಿನ, ಎರಡು ದಿನ ನೋಡಿದೆ. ಓಹೋ, ಹಿಂಗಾ ಅಂದುಕೊಂಡೆ. ಆಯ್ಕೆ ಹತ್ತಿರ ಬಂತು, ಹೊರಗಿನಿಂದ ಬಂದ ಕನ್ನಡದ ಹುಡುಗಿಗೆ ಜಾಗ ಸಿಗಬಾರದು ಅಂತ ಮರಾಠಿ ಹುಡುಗಿಯರು ಹೊಟ್ಟೆಕಿಚ್ಚಿನಿಂದ ಮೂಲೆಗೆ ತಳ್ಳುತ್ತಿದ್ದಾರೆ. ಗಾಂಧಿಬಾಗಿನ ಓಣಿಯಲ್ಲಿ ನಾನು ಚಿಕ್ಕವಳಿದ್ದಾಗ ಇಂಥದ್ದನ್ನು ಅನುಭವಿಸಿದ್ದೆ ನೋಡಿ, ಯಾರನ್ನೂ ಕೇಳುವ ಅಗತ್ಯವೇ ಕಾಣಲಿಲ್ಲ.

ಆ ಶನಿವಾರ ಹದಿನೈದು ನಿಮಿಷ ಸಾಲಲಿಲ್ಲ. ಅರ್ಧ ಗಂಟೆ ಮಾತಾಡಿದೆ. ಶುದ್ಧ ಮರಾಠಿಯಲ್ಲಿ ಒಗ್ಗಟ್ಟಿನ ಮೇಲೆ ಉಪನ್ಯಾಸ. ಯಾವ ಊರಿನವಳಾದರೇನು, ಯಾವ ಭಾಷೆಯವಳಾದರೇನು, ತಂಡದಲ್ಲಿ ಎಲ್ಲರೂ ಅಕ್ಕತಂಗಿಯರು. ನನ್ನ ಮಾತಿಗೆ ನನಗೇ ಕಣ್ಣಲ್ಲಿ ನೀರು ಬಂತು. ಕೊನೆಗೆ ಅಪ್ಪಣೆ ಕೊಟ್ಟೆ: ಇನ್ನು ಮುಂದೆ ಕಂಬದ ಹತ್ತಿರದ ಚೌಕದಲ್ಲಿ ಇವಳೇ ಕೂರಬೇಕು, ಅವಕಾಶ ಬಂದಾಗ ಇವಳಿಗೇ ಖೋ ಕೊಡಬೇಕು, ಕೊಡದವಳು ತಂಡದಿಂದ ಹೊರಗೆ. ತಂಡದ ನಾಯಕಿ, ಸ್ವಲ್ಪ ದಪ್ಪಗಿನ, ಕನ್ನಡಕದ ಹುಡುಗಿ, ಏನೋ ಹೇಳಲು ಕೈ ಎತ್ತಿದಳು. "ಬಹಾಣೇ ನಕೋ" ಅಂದೆ, ನೆಪ ಬೇಡ ಅಂತ. ಕೈ ಇಳಿಸಿದಳು. "ಸಮಜಲಂ ಕಾ?" "ಹೋ ಮ್ಯಾಡಮ್." ಇವಳೂ ಅಂದಳು.

ಕಾಮಠಿಯ ಮೈದಾನದಲ್ಲಿ ಬೆಳಿಗ್ಗೆ ಒಳ್ಳೆಯ ಚಳಿ. ಅವರಪ್ಪ ರಜೆ ಹಾಕಿ ಹೆಂಡತಿಯ ಜೊತೆ ಬಂದಿದ್ದರು. ಆಟ ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ. ಎದುರು ತಂಡದ ಹುಡುಗಿ ಕಂಬದ ಕಡೆ ಓಡಿದಳು. ನಮ್ಮ ನಾಯಕಿ ಬೆನ್ನಟ್ಟಿ ಬಂದು, ಇವಳ ಹಿಂದೆ ಒಂದು ಗಳಿಗೆ ನಿಂತಳು. ನನ್ನ ಕಡೆ ನೋಡಿದಳು. ನಾನು ಕೈ ಬೀಸಿ, "ದೇ! ದೇ ತಿಲಾ!" ಅಂತ ಕಿರುಚಿದೆ, ಕೊಡು ಅವಳಿಗೆ ಅಂತ. ಖೋ ಕೊಟ್ಟಳು. ಇವಳು ಎದ್ದಳು, ನಾಲ್ಕು ಹೆಜ್ಜೆ ಓಡಿದಳು, ಕಂಬಕ್ಕೆ ಕೈ ಹಾಕಿ ಜಿಗಿಯಲು ಕಾಲೂರಿದಳು. ಕಾಲು ನಿಲ್ಲಲಿಲ್ಲ. ಹಾಗೇ ಕುಸಿದಳು.

ಆಗ ನಾನು ಏನಂದೆ ಅಂತ ಬರೆಯಲೇಬೇಕು. ಇಡೀ ಮೈದಾನಕ್ಕೆ ಕೇಳುವ ಹಾಗೆ ಕನ್ನಡದಲ್ಲಿ ಕೂಗಿದೆ: "ಏಳ ಮೈಗಳ್ಳಿ! ನಾಟಕ ಮಾಡಬ್ಯಾಡ! ಏಳ!" ಆ ಕಡೆಯಿಂದ ಅವರಪ್ಪನೂ, "ಏನಾಗಿಲ್ಲ, ಎದ್ದೇಳು!" ಅಂದರು. ನಮ್ಮಿಬ್ಬರದೂ ಎಂಥ ಜೋಡಿ! ಅವಳು ಏಳಲು ಪ್ರಯತ್ನ ಮಾಡಿದಳು, ದೇವರಾಣೆ, ಆ ಕಾಲಿನಲ್ಲೇ ಏಳಲು ಪ್ರಯತ್ನ ಮಾಡಿದಳು. ನಾಯಕಿ ಓಡಿಬಂದು ಅವಳ ಭುಜ ಹಿಡಿದು ಕೆಳಗೆ ಕೂಡಿಸಿ, ನನ್ನ ಕಡೆ ತಿರುಗಿ, "ಬಸ್ ಮ್ಯಾಡಮ್!" ಅಂದಳು. ಸಾಕು ಅಂತ. ಹದಿನೈದು ವರ್ಷದ ಹುಡುಗಿ ನನ್ನ ಬಾಯಿ ಮುಚ್ಚಿಸಿದಳು.

ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದ ಡಾಕ್ಟರು ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಬೆರಳಿಟ್ಟು ತೋರಿಸಿದರು. ಇಲ್ಲಿ ಬಿರುಕು ಮೊದಲೇ ಇತ್ತು, ಓಡಿ ಓಡಿ ಆದದ್ದು, ವಿಶ್ರಾಂತಿ ಕೊಟ್ಟಿದ್ದರೆ ತಾನೇ ಕೂಡಿಕೊಳ್ಳುತ್ತಿತ್ತು, ಇವತ್ತು ಪೂರ್ತಿ ಮುರಿದಿದೆ ಅಂದರು. "ಕಬ್ ಸೇ ದರ್ದ್ ಹೈ?" ಅಂತ ನಮ್ಮನ್ನು ಕೇಳಿದರು, ಯಾವಾಗಿನಿಂದ ನೋವು ಅಂತ. ಅವರಪ್ಪ ಅವರಮ್ಮನ ಮುಖ ನೋಡಿದರು. ಅವರಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಬಾಗಿಲಲ್ಲಿ ನಿಂತಿದ್ದ ನಾಯಕಿ ಹೇಳಿದಳು: "ದಿವಾಳೀಪಾಸೂನ್." ದೀಪಾವಳಿಯಿಂದ.

ನಾಯಕಿಯನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಅವಳ ಮೇಲೆ ಹಾರಿಬಿದ್ದೆ. ಗೊತ್ತಿದ್ದೂ ಬಾಯಿ ಹೊಲಿದುಕೊಂಡು ಕೂತಿದ್ದೀರಾ, ಗೆಳತಿಯಂತೆ, ನಾಚಿಕೆ ಆಗೋದಿಲ್ವಾ ಅಂತ ಮರಾಠಿಯಲ್ಲಿ ಜಾಡಿಸಿದೆ. ಅವಳು ಅಳಲೂ ಇಲ್ಲ, ದನಿ ಏರಿಸಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಳು. ಗೆಳತಿಗೆ ಕಾಲು ನೋಯುತ್ತದೆ ಅಂತ ತಂಡಕ್ಕೆಲ್ಲ ಗೊತ್ತಿತ್ತು. ಅದಕ್ಕೇ ಅವಳಿಗೆ ಖೋ ಕೊಡುವುದು ಬೇಡ, ಕೂತೇ ಇರಲಿ, ಆಯ್ಕೆಯ ದಿನದವರೆಗೆ ಕಾಲು ಸರಿಹೋಗಲಿ ಅಂತ ಹನ್ನೊಂದು ಜನ ಮಾತಾಡಿಕೊಂಡಿದ್ದರು. ಅವಳ ಪಾಲಿನ ಓಟವನ್ನೂ ತಾವೇ ಓಡುತ್ತಿದ್ದರು. "ತುಮ್ಹೀಚ್ ಸಾಂಗಿತಲಂ ನಾ ಮ್ಯಾಡಮ್, ತಿಲಾಚ್ ಖೋ ದ್ಯಾ ಮ್ಹಣೂನ್." ಅವಳಿಗೇ ಖೋ ಕೊಡಿ ಅಂತ ನೀವೇ ಹೇಳಿದಿರಲ್ಲ.

ನಾನು ಬೆಂಚಿನ ಮೇಲೆ ಕೂತೆ. ಅವಳು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: "ಮ್ಯಾಡಮ್, ಮೈಗಳ್ಳಿ ಮ್ಹಣಜೇ ಕಾಯ?" ಅರ್ಥ ಏನು ಅಂತ. ಆಮೇಲೆ ಹೇಡಿ. ಆಮೇಲೆ ದಂಡಪಿಂಡ. ಒಂದೊಂದಾಗಿ ಆರೂ ಹೇಳಿದಳು. ಗೆಳತಿಯನ್ನು ಕೇಳಿದರೆ ಅವಳು ಯಾವತ್ತೂ ಅರ್ಥ ಹೇಳಲಿಲ್ಲವಂತೆ, ನಮ್ಮ ಮನೆಯಲ್ಲೂ ಹೀಗೇ ಕರೆಯುತ್ತಾರೆ ಅನ್ನುತ್ತಿದ್ದಳಂತೆ. ಜೀವಮಾನವೆಲ್ಲ ಎರಡು ಭಾಷೆಯ ನಡುವೆ ಓಡಾಡಿದವಳು ನಾನು. ಅವತ್ತು ಒಂದು ಪದವನ್ನೂ ಮರಾಠಿಗೆ ತಿರುಗಿಸಲು ನಾಲಿಗೆ ಏಳಲಿಲ್ಲ.

ಮೂರು ದಿನ ಬಿಟ್ಟು ಮನೀಶ್ ನಗರದ ಅವರ ಬಾಡಿಗೆ ಮನೆಗೆ ಹೋದೆ. ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ಹೋಗಿದ್ದೆ. ಬಾಗಿಲು ತೆಗೆದ ಅವರಪ್ಪ ಕೂತುಕೊಳ್ಳಿ ಅನ್ನುವ ಮೊದಲೇ ಶುರು ಮಾಡಿದರು: "ಈ ಹುಡುಗಿ ಬಾಯೇ ಬಿಡಲ್ಲ ಮೇಡಂ. ಮೊಂಡಿ. ಒಂದು ಮಾತು ಹೇಳಿದ್ರೆ ನಾವು ಓಡೋಕೆ ಬಿಡ್ತಿದ್ವಾ?" ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹೌದ್ ನೋಡ್ರಿ, ಬಾಯಾಗೇನು ಕಡಬು ಇಟ್ಕೊಂಡಿದ್ದಳೇನು" ಅಂದುಬಿಟ್ಟೆ. ಅವಳು ಎದುರಿನ ದಿವಾನದ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡು ಕೂತಿದ್ದಳು. ಕಾಲು ಮುರಿದುಕೊಂಡ ಮಗುವಿನ ಎದುರಿಗೇ ನಿಂತು ನಾವಿಬ್ಬರು ದೊಡ್ಡವರು ಕನ್ನಡದಲ್ಲಿ ಅವಳ ತಪ್ಪು ಎಣಿಸುತ್ತಿದ್ದೆವು. ಅಂದದ್ದು ನನ್ನ ಕಿವಿಗೇ ಕೇಳಿಸಿತು. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಸಿಟ್ಟನ್ನು ಅವರಪ್ಪನ ಮೇಲೆ ತೀರಿಸಿಕೊಂಡೆ. "ನೀವು ಒಳಗ ಹೋಗ್ರಿ ಸ್ವಲ್ಪ" ಅಂದೆ. ವಾಯುಪಡೆಯ ಮನುಷ್ಯ ಬೆಚ್ಚಿ, ತೆಪ್ಪಗೆ ಒಳಗೆ ಹೋದರು.

ಬೆತ್ತದ ಮೋಡಾ ಪೀಠ ಎಳೆದುಕೊಂಡು ಅವಳ ಹತ್ತಿರ ಕೂತೆ. "ಯಾಕವ್ವಾ ನನಗ ಹೇಳಲಿಲ್ಲ?" ಅಂದೆ.

"ಹೇಳಿದ್ದೆ ಮೇಡಂ."

"ಯಾವಾಗ?"

ಅವಳು ಕಿಟಕಿ ನೋಡುತ್ತಾ ಹೇಳಿದಳು. ಮೊದಲನೆಯ ಸಲ, ಮೈದಾನಕ್ಕೆ ನೀರು ಹೊಡೆಯುವ ಪೈಪಿನ ವಿಷಯಕ್ಕೆ ನಾನು ಮಾಲಿಯ ಜೊತೆ ಜಗಳ ಆಡುತ್ತಿದ್ದ ದಿನ. ಕಾಲಿನ ಮೂಳೆ ಒಳಗೆ ಚುಚ್ಚುತ್ತದೆ ಅಂದಿದ್ದಳು. ಮೈಗಳ್ಳಿ, ಹೋಗಿ ಸಾಲಿನಲ್ಲಿ ಕೂಡು ಅಂದಿದ್ದೆ. ಎರಡನೆಯ ಸಲ, ಆಟೋದಲ್ಲಿ. ನಾನು ಕಿತ್ತಳೆ ಸುಲಿಯುತ್ತಿದ್ದೆ. ಎರಡು ತೊಳೆ ಅವಳ ಕೈಗೆ ಕೊಟ್ಟು, ಬೆಳೆಯುವ ಹುಡುಗಿಯರಿಗೆ ಕೈಕಾಲು ನೋಯುವುದೇ, ಇದನ್ನು ತಿನ್ನು ಅಂದಿದ್ದೆ. ಮೂರನೆಯ ಸಲ, ಆಯ್ಕೆಯ ಹಿಂದಿನ ದಿನ. ನಾಳೆ ಆಡಲೇಬೇಕಾ ಮೇಡಂ ಅಂದಿದ್ದಳು. ನಿಮ್ಮಪ್ಪನ ಮುಖ ನೋಡಿ ಆ ಮಾತು ಹೇಳು ಅಂದಿದ್ದೆ.

ಸುಳ್ಳು ಅನ್ನಲು ಬಾಯಿ ತೆರೆದೆ. ಆದರೆ ಮೂರೂ ನೆನಪಿಗೆ ಬಂದವು. ಮಾಲಿಯ ಕೈಯಲ್ಲಿದ್ದ ಪೈಪು, ಆಟೋದ ತುಂಬ ಕಿತ್ತಳೆ ಸಿಪ್ಪೆಯ ವಾಸನೆ, ಎಲ್ಲ ಬಂದವು. ನಾನು ಕೇಳಿಸಿಕೊಂಡಿದ್ದೆ. ಮೂರು ಸಲವೂ ಕನ್ನಡದಲ್ಲಿ ಹೇಳಿದ್ದಳು, ಹತ್ತಿರ ಬಂದು, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ. ಮನೆಯ ಮಾತು ಮನೆಯವರಿಗೆ ಹೇಳುವ ಹಾಗೆ. ಬಾತ್ ನಹೀ, ಭಾಗೋ ಅಂದ ನಮ್ಮ ಗುರುಗಳನ್ನು ಎಷ್ಟು ವರ್ಷ ಶಪಿಸಿದ್ದೆ! ಅವರು ಮೂರೇ ಪದದಲ್ಲಿ ಮುಗಿಸುತ್ತಿದ್ದದ್ದನ್ನು ನಾನು ಮೂವತ್ತು ಪದದಲ್ಲಿ ಹೇಳುತ್ತಿದ್ದೆ, ವ್ಯತ್ಯಾಸ ಇಷ್ಟೇ.

"ಈಗ ಭಾಳ ನೋಯ್ತದೇನವ್ವಾ?" ಅಂತ ಕೇಳಿದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಿತ್ತು. ದಿಂಬಿನ ಅಂಚು ಹಿಡಿದುಕೊಂಡಳು. ಇನ್ನೊಮ್ಮೆ ಕೇಳಿದೆ. ಆಗ ಮೊದಲ ಸಲ ನನ್ನ ಮುಖ ನೋಡಿದಳು.

"ಮರಾಠೀತ್ ವಿಚಾರಾ ನಾ ಮ್ಯಾಡಮ್" ಅಂದಳು. ಮರಾಠಿಯಲ್ಲಿ ಕೇಳಿ. ಆಮೇಲೆ ಕನ್ನಡದಲ್ಲಿ, ತಪ್ಪೊಪ್ಪಿಕೊಳ್ಳುವವಳ ಹಾಗೆ ಸೇರಿಸಿದಳು: "ಕನ್ನಡದಲ್ಲಿ ಕೇಳಿದ್ರೆ ಭಯ ಆಗುತ್ತೆ."

ಅಡುಗೆಮನೆಯಲ್ಲಿ ಅವರಮ್ಮ ಪಾತ್ರೆ ಇಡುವ ಸದ್ದು ನಿಂತಿತು. ಕೇಳಿಸಿಕೊಂಡಿರಬೇಕು. ಯಾರೂ ಹೊರಗೆ ಬರಲಿಲ್ಲ.

ಮರಾಠಿಯಲ್ಲಿ ಕೇಳಿದೆ. ಕುಠೇ ದುಖತಂ ಬಾಳಾ, ಎಲ್ಲಿ ನೋವು ಮಗೂ ಅಂತ. ಬೇರೆ ಹುಡುಗಿಯರಿಗೆ ಎರಡು ವರ್ಷ ಧಾರಾಳವಾಗಿ ಹಂಚಿದ ಆ ಬಾಳಾ ಅನ್ನುವ ಪದ ಅವಳಿಗೆ ಸಿಕ್ಕಿದ್ದು ಅವತ್ತೇ ಮೊದಲು. ಅವಳು ಮಾತಾಡಿದಳು. ಒಂದು ವಾಕ್ಯ ಮರಾಠಿ, ಅರ್ಧ ವಾಕ್ಯ ಹಿಂದಿ. ಕಾಲಿನ ನೋವು, ಬಾತ್ರೂಮಿಗೆ ಹೋಗುವಾಗಿನ ಕಷ್ಟ, ಗೆಳತಿಯರು ತನ್ನ ಓಟ ಓಡಿದ್ದು, ಕೈತಪ್ಪಿದ ಆ ನಂಬರಿನ ಜರ್ಸಿ. ನಾನು ಎರಡು ವರ್ಷದಲ್ಲಿ ಅವಳ ಬಾಯಿಂದ ಇಷ್ಟು ಮಾತು ಕೇಳಿರಲಿಲ್ಲ. ನಡುವೆ ನಾಲ್ಕೈದು ಸಲ ಬುದ್ಧಿ ಹೇಳಲು ನಾಲಿಗೆ ತುದಿಗೆ ಬಂತು, ಹಲ್ಲು ಕಚ್ಚಿ ಕೂತೆ.

ಈಗಲೂ ಶನಿವಾರ ಹಲ್ಲು ಕಚ್ಚಿಯೇ ಕೂರುತ್ತೇನೆ. ಹುಡುಗಿಯರು ಗುಂಡಾಗಿ ಕೂರುತ್ತಾರೆ, ಯಾರ ಬೆನ್ನೂ ಯಾರಿಗೂ ಇಲ್ಲ. ಕೆಲವು ವಾರ ಒಬ್ಬಳೂ ತುಟಿ ಬಿಚ್ಚುವುದಿಲ್ಲ, ಹದಿನೈದು ನಿಮಿಷ ಸುಮ್ಮನೆ ಹುಲ್ಲು ಕೀಳುತ್ತಾರೆ. ಕೀಳಲಿ. ಇದನ್ನು ನೋಡಿ, "ಮ್ಯಾಡಮ್ ಎಷ್ಟು ಬದಲಾಗಿದ್ದಾರೆ" ಅಂತ ಯಾರಾದರೂ ಹೊಗಳಿದರೆ ಕಪಾಳಕ್ಕೆ ಬಾರಿಸುವಷ್ಟು ಕೋಪ ಬರುತ್ತದೆ. ಬದಲಾಗಲು ಒಂದು ಮಗುವಿನ ಎಲುಬು ಬೇಕಾಯಿತೇನ್ರಿ? ಯಾರನ್ನು ಕೇಳಿ ತೆಗೆದುಕೊಂಡೆ ಅದನ್ನು?

ಅವತ್ತು ಅವರ ಮನೆಯಿಂದ ಎದ್ದು ಹೊರಡುವ ಮೊದಲು ಅವಳನ್ನು ಕೊನೆಯದಾಗಿ ಒಂದು ಮಾತು ಕೇಳಿದೆ. ನನ್ನ ಜೀವ ಅದರ ಮೇಲೇ ಇತ್ತು. ಬೇಸಿಗೆಗೆ ಅವರು ಊರು ಬಿಡುತ್ತಿದ್ದರು, ಆದರೆ ಅದಕ್ಕೂ ಮೊದಲು ಕಾಲು ಕೂಡಿಕೊಳ್ಳುತ್ತದೆ, ಮೆಲ್ಲಗೆ ಓಡಿಸಬಹುದು ಅಂತ ಡಾಕ್ಟರು ಹೇಳಿದ್ದರು. ಒಂದು ತಿಂಗಳಾದರೂ ನಾನೇ ಕೈಹಿಡಿದು ಅಭ್ಯಾಸ ಮಾಡಿಸಿ ಕಳಿಸಬೇಕು, ಆದದ್ದನ್ನು ಸ್ವಲ್ಪವಾದರೂ ತುಂಬಿಕೊಡಬೇಕು ಅಂತ ಲೆಕ್ಕ ಹಾಕಿಕೊಂಡೇ ಹೋಗಿದ್ದೆ.

"ಪುನ್ಹಾ ಖೇಳಾಯಚಂಯ್ ಕಾ ತುಲಾ?" ಅಂದೆ. ಮತ್ತೆ ಆಡಬೇಕು ಅಂತ ಇದೆಯಾ?

ಅವಳು ತಡಮಾಡಲಿಲ್ಲ. "ಖೇಳಾಯಚಂಯ್" ಅಂದಳು. ಆಡಬೇಕು. ಅವಳ ಕಣ್ಣು ಹೊಳೆದದ್ದನ್ನು ನೋಡಿ ನಾನು ಮುಂದಕ್ಕೆ ಬಾಗಿದೆ.

"ಪಣ ತುಮಚ್ಯಾಕಡೇ ನಾಹೀ, ಮ್ಯಾಡಮ್."

ಆದರೆ ನಿಮ್ಮ ಹತ್ತಿರ ಅಲ್ಲ. ಒರಟಾಗಿ ಹೇಳಲಿಲ್ಲ. ನೋವು ಎಲ್ಲಿದೆ ಅಂತ ತೋರಿಸಿದಷ್ಟೇ ಸರಳವಾಗಿ ಹೇಳಿದಳು. ಹೇಳಿ, ಬೈಗುಳಕ್ಕೆ ಕಾಯುವವಳ ಹಾಗೆ ಭುಜ ಬಿಗಿ ಮಾಡಿಕೊಂಡಳು.

"ಬರೋಬರ್" ಅಂದೆ. ಸರಿ. ಕಿತ್ತಳೆಯ ಚೀಲ ಅವಳ ಕೈಗೆಟುಕುವ ಹಾಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.